ಒಂದರಲ್ಲಿ ನೀರು, ಒಂದರಲ್ಲಿ ಮದ್ದು

ನೀರುಳ್ಳಿ ಹೆಚ್ಚುವಾಗ ಯಾರಿಗಾದರೂ ಕಣ್ಣೀರು ಬರುತ್ತದೆ. ಆದರೆ ನೀರುಳ್ಳಿ ಹೆಚ್ಚುವವರನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿಯೇ ಕಣ್ಣು ತುಂಬಿಕೊಳ್ಳುತ್ತಿದ್ದವರು ಇಡೀ ಮಂಗಳೂರಿನಲ್ಲಿ ನನ್ನ ಮಾವ ಒಬ್ಬರೇ!

“ಅದರ ಬುಡ ನೋಡಿದ್ಯಾ ನೀನು? ಎಷ್ಟು ಚಂದದ ಬುಡ! ಇನ್ನು ಮೂರು ದಿನದಲ್ಲಿ ಬೇರು ಬಿಡ್ತಿತ್ತು ಮಾರಾಯ್ತಿ.”

“ಇನ್ನು ಮೂರು ನಿಮಿಷದಲ್ಲಿ ಒಗ್ಗರಣೆಗೆ ಬೀಳ್ತದೆ,” ಎನ್ನುತ್ತಿದ್ದರು ಅತ್ತೆ, ಕಾಲಲ್ಲಿ ಮೆಟ್ಟಿಕೊಂಡ ಮೆಟ್ಟುಕತ್ತಿಯಿಂದ ಕಣ್ಣೆತ್ತದೆ. “ನಿಮಗೆ ಸಾರು ಬೇಕಾ, ಬೇರು ಬೇಕಾ?”

ಮಾವನಿಗೆ ಬೇರೇ ಬೇಕಿತ್ತು.

ಮಾವ ನನ್ನ ಅಮ್ಮನ ಅಣ್ಣ. ಹಂಪನಕಟ್ಟೆಯ ಸಮೀಪದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಲವತ್ತಾರನೇ ವಯಸ್ಸಿನಲ್ಲಿ, ಉಳಿದ ಲೆಕ್ಚರರುಗಳು ಮಗಳ ಮದುವೆಗೆ ಹಾಲ್ ನೋಡುತ್ತಿರುವಾಗ, ಇವರು ಡಾಕ್ಟರೇಟಿಗೆ ಹೆಸರು ಕೊಟ್ಟಿದ್ದರು. ನಾನು ಆಗಷ್ಟೇ ಬಿ.ಎ. ಮುಗಿಸಿ ಟೈಪಿಂಗ್ ಕಲಿಯಲೆಂದು ಪಡೀಲಿನ ಅವರ ಮನೆಗೆ ಬಂದು ಸೇರಿದ್ದೆ. ಮನೆಯಲ್ಲಿ ಮಾವ, ಅತ್ತೆ, ಮಾವನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ಎಂಬತ್ತರ ದಶಕದ ನಡುಭಾಗ ಎಂದರೆ ಸಾಕು. ಇಸವಿ ಹೇಳಿದರೆ ಉಳಿದದ್ದೂ ನನಗೆ ಸರಿಯಾಗಿಯೇ ನೆನಪಿದೆ ಎಂದು ನೀವು ನಂಬಿಬಿಡುತ್ತೀರಿ. ನಂಬಬೇಡಿ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಿದ್ದಾರೆ. ಅಂದರೆ ನನ್ನ ಮೋಸ ಆಗಲೇ ಶುರುವಾಗಿದೆ!

ಮಾವನ ಸಂಶೋಧನೆಯ ಹೆಸರು ಇಂಗ್ಲಿಷಿನಲ್ಲಿ ಎರಡೂವರೆ ಸಾಲು. ಅದನ್ನು ಅವರು ನನಗೆ ತಿಳಿಸಿದ್ದು ಬಂದರಿನ ಒಂದು ಅಕ್ಕಿ ಗೋದಾಮಿಗೆ ಕರೆದುಕೊಂಡು ಹೋಗಿ. ಅಲ್ಲಿ ಆಗಲೂ ಕೆಲವು ಅಕ್ಕಿಮುಡಿಗಳಿದ್ದವು. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಸುತ್ತಲೂ ಹುಲ್ಲಿನ ಹಗ್ಗ ಬಿಗಿದು ಕಟ್ಟುವ ನಮ್ಮ ಕಡೆಯ ಮೂಟೆ ಅದು.

“ಬೇರಿನ ತುದಿಯಲ್ಲಿರುವ ಒಂದೊಂದು ಜೀವಕೋಶವೂ ಒಂದೊಂದು ಮುಡಿ ಅಂತ ತಿಳ್ಕೊ,” ಎಂದರು ಮಾವ. “ಒಳಗೆ ಸುತ್ತಲೂ ಇಂಥದೇ ಹಗ್ಗ ಉಂಟು. ಅದರ ಹೆಸರು ಮೈಕ್ರೊಟ್ಯೂಬ್ಯೂಲ್. ಹಗ್ಗ ಬಿಗಿ ಇರುವುದರಿಂದ ಕೋಶಕ್ಕೆ ಅಡ್ಡ ಉಬ್ಬಲಿಕ್ಕೆ ಆಗುವುದಿಲ್ಲ, ಉದ್ದ ಮಾತ್ರ ಬೆಳೀಬೇಕು. ಬೇರು ನೇರ ಹೋಗುವುದು ಅದಕ್ಕೆ.”

ಹಗ್ಗಗಳನ್ನು ಜಾಗದಲ್ಲಿ ಹಿಡಿದಿಡಲು ಕೆಲವು ಪ್ರೊಟೀನುಗಳಿವೆಯಂತೆ. ಪ್ರೊಟೀನಿಗೆ ಫಾಸ್ಫೇಟಿನ ಒಂದು ಚೂರು ಅಂಟಿದರೆ ಅದರ ಹಿಡಿತ ಸಡಿಲ. ಚೂರನ್ನು ಕಿತ್ತರೆ ಮತ್ತೆ ಬಿಗಿ. ಅಂಟಿಸುವುದಕ್ಕೊಬ್ಬ, ಕೀಳುವುದಕ್ಕೊಬ್ಬ, ಕೋಶದೊಳಗೆ ಹಗಲಿರುಳು ಇದೇ ಕೆಲಸ. ಅಂಟಿಸುವುದಕ್ಕೆ ಫಾಸ್ಫೊರಿಲೇಶನ್ ಎಂದು ಹೆಸರು. ಕೀಳುವವನ ಕೈ ಕಟ್ಟಿಹಾಕುವಂಥದ್ದನ್ನು ನೀರಿಗೆ ಬೆರೆಸಿದರೆ, ಅಂಟಿದ್ದೆಲ್ಲ ಅಂಟಿಕೊಂಡೇ ಉಳಿದು, ಹಗ್ಗಗಳು ದಿಕ್ಕುತಪ್ಪಿ, ಬೇರಿನ ತುದಿ ಗಂಟಿನಂತೆ ಉಬ್ಬುತ್ತದೆ. ಮಾವ ಬೆರೆಸುತ್ತಿದ್ದುದು ಫ್ಲೋರೈಡು. ಪೇಸ್ಟಿನಲ್ಲಿ ಚಿಟಿಕೆಯಷ್ಟು ಇರುವುದು ಅದೇ. ಆದರೆ ಮಾವನ ಲೋಟದಲ್ಲಿದ್ದಷ್ಟು ಹೊಟ್ಟೆಗೆ ಹೋದರೆ ಆಸ್ಪತ್ರೆಯೇ ಗತಿ.

ಗೋದಾಮಿನ ಯಜಮಾನರು ಕೇಳಿದರು: “ಮಾಸ್ಟ್ರೆ, ಎಷ್ಟು ಅಕ್ಕಿ ಬೇಕು?”

“ಅಕ್ಕಿ ಬೇಡ. ಈ ನಡುವಿನ ಹಗ್ಗ ಬಿಚ್ಚಿದ್ರೆ ಎಂತ ಆಗ್ತದೆ ಅಂತ ನೋಡ್ಲಿಕ್ಕುಂಟು.”

“ಎಂತ ಆಗ್ತದೆ, ಚೆಲ್ತದೆ!”

“ಮೊದಲು ಉಬ್ಬುತ್ತದಾ, ಸೀದಾ ಚೆಲ್ತದಾ?”

ಆ ಮನುಷ್ಯ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದರು. ಜೀವಮಾನವೆಲ್ಲ ಮುಡಿಗಳ ನಡುವೆ ಕಳೆದವರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರಿಗೂ ಕುತೂಹಲ ಹತ್ತಿಬಿಟ್ಟಿತು! ತಾವೇ ಹಗ್ಗ ಬಿಚ್ಚಿದರು. ಮುಡಿ ಒಂದು ಕ್ಷಣ ಉಸಿರು ಹಿಡಿದಂತೆ ನಿಂತು, ನಡುವಿನಲ್ಲಿ ಉಬ್ಬಿ, ಆಮೇಲೆ ಒಡೆಯಿತು. “ಉಬ್ಬಿತು! ಉಬ್ಬಿತು!” ಎಂದು ಇಬ್ಬರೂ ಕೂಗಿದರು. ನಂತರ ಮೂವರೂ ನೆಲದಲ್ಲಿ ಕೂತು ಮಧ್ಯಾಹ್ನದವರೆಗೆ ಅಕ್ಕಿ ಹೆಕ್ಕಿದೆವು. ಅರ್ಧದಲ್ಲಿ ಯಜಮಾನರು ಮೆಲ್ಲನೆ ಕೇಳಿದರು: “ಮಾಸ್ಟ್ರೆ, ನಿಮ್ಮ ಪಾಠ ಇನ್ನು ಬಾಕಿ ಉಂಟಾ?”

ಇಷ್ಟೆಲ್ಲ ಆದರೂ ಮಾವ ಆ ಹಗ್ಗಗಳನ್ನು ಒಮ್ಮೆಯೂ ಕಂಡವರಲ್ಲ! ಕಾಲೇಜಿನ ಮೈಕ್ರೊಸ್ಕೋಪಿನಲ್ಲಿ ಅವು ಕಾಣುವುದಿಲ್ಲ. ವಿದೇಶದ ಪತ್ರಿಕೆಯೊಂದರಲ್ಲಿ ಬಂದ ಅವುಗಳ ಚಿತ್ರವನ್ನು, ಕಾರ್ಡು ಬರೆದು ತರಿಸಿಕೊಂಡು, ಅಂಗಿಯ ಕಿಸೆಯಲ್ಲಿ ಮಡಚಿಟ್ಟುಕೊಂಡಿದ್ದರು. ಒಗೆಯುವ ಮೊದಲು ಕಿಸೆ ನೋಡುವುದು ಅತ್ತೆಯ ಕೆಲಸ. “ಬೇರೆಯವರ ಗಂಡಂದಿರ ಕಿಸೆಯಲ್ಲಿ ಯಾರ್ಯಾರದೋ ಫೋಟೋ ಇರ್ತದಂತೆ. ನನ್ನ ಕರ್ಮಕ್ಕೆ ಇದು,” ಎಂದು ಅದನ್ನು ಜೋಪಾನವಾಗಿ ದಿಂಬಿನಡಿ ಇಡುತ್ತಿದ್ದರು. ಫಾಸ್ಫೊರಿಲೇಶನ್ ಎಂಬ ಶಬ್ದ ಅತ್ತೆಯ ಬಾಯಲ್ಲಿ ‘ಪಾಸ್‌ಪೋರ್ಟು ರೇಶನ್’ ಆಗಿತ್ತು. ಆ ಕಾಲದ ಮಂಗಳೂರಿನಲ್ಲಿ ಪಾಸ್‌ಪೋರ್ಟ್ ಎಂಬ ಶಬ್ದ ಬೇಲಿ ದಾಟಿದರೆ ಮುಗಿಯಿತು. ಬೀದಿಯ ಅರ್ಧ ಜನ ಮಾವ ಗಲ್ಫಿಗೆ ಹೊರಟಿದ್ದಾರೆಂದು ತಿಳಿದು, ತಮ್ಮ ಹುಡುಗರಿಗೂ ಒಂದು ವೀಸಾ ನೋಡಬೇಕೆಂದು ಹೇಳಿಹೋದರು!

ನಗಬೇಡಿ, ಆ ಮನೆಯಲ್ಲಿ ನಗುವುದು ಸುಲಭವಿರಲಿಲ್ಲ. ಥೀಸಿಸ್ ಒಪ್ಪಿಸುವ ಗಡುವನ್ನು ವಿಶ್ವವಿದ್ಯಾಲಯ ಎರಡು ಸಲ ಮುಂದೆ ಹಾಕಿತ್ತು. ಮೂರನೆಯ ಸಲ ಇಲ್ಲ ಎಂದು ಕಾಗದ ಬಂದಿತ್ತು. ಆ ಕಾಗದ ಬಂದಂದಿನಿಂದ ಮಾವನಿಗೆ ಅನ್ನ ಕಲಸಿಟ್ಟು ಮರೆಯುವ ರೋಗ. ಥೀಸಿಸ್ ಟೈಪು ಮಾಡುತ್ತಿದ್ದ ನನಗೆ ಕಾರ್ಬನ್ ಹಾಳೆ ತಿರುಗಮುರುಗ ಹಾಕಿದ್ದೇನೋ ಎಂಬ ಭಯ. ಒಂದು ಪುಟ ಟೈಪು ಮಾಡುವುದರಲ್ಲಿ ಆರು ಸಲ ತೆಗೆದು ನೋಡುತ್ತಿದ್ದೆ. ಅತ್ತೆಗೆ ಲೋಟಗಳ ಭಯ.

ಲೋಟಗಳ ಕತೆ ಹೀಗೆ. ನೀರುಳ್ಳಿಯ ಬುಡ ಮಾತ್ರ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿದರೆ ಬೇರು ಕೆಳಗಿಳಿಯುತ್ತದೆ. ಮೊದಲ ಎರಡು ದಿನ ಕಾಲೇಜಿನ ಲ್ಯಾಬಿನಲ್ಲಿ. ಆಮೇಲೆ ಅಲ್ಲಿಡುವಂತಿಲ್ಲ, ಮೂರನೆಯ ದಿನಕ್ಕೂ ಬಿಟ್ಟಿದ್ದಾಗ ಅಟೆಂಡರ್ ಒಮ್ಮೆ ಎಲ್ಲವನ್ನೂ ತೊಳೆದು, ಒರೆಸಿ, ಕಪಾಟಿನಲ್ಲಿ ಚಂದಕ್ಕೆ ಜೋಡಿಸಿಟ್ಟಿದ್ದ! ಹಾಗಾಗಿ ಮಾವ ಅವನ್ನು ತಂತಿಬುಟ್ಟಿಯಲ್ಲಿಟ್ಟು ಸಿಟಿ ಬಸ್ಸಿನಲ್ಲಿ ಮನೆಗೆ ತರುತ್ತಿದ್ದರು. ಸೀಟು ಸಿಕ್ಕಿದರೆ ಬುಟ್ಟಿಯನ್ನು ಕೂರಿಸಿ ತಾವು ನಿಲ್ಲುತ್ತಿದ್ದರು.

“ಸಾರ್, ನೀರುಳ್ಳಿ ಎಲ್ಲಿ ಇಳೀತದೆ?” ಎಂದು ಕಂಡಕ್ಟರ್ ಕೇಳುತ್ತಿದ್ದ.

“ಪಡೀಲ್. ಬ್ರೇಕ್ ಸ್ವಲ್ಪ ಮೆಲ್ಲ ಹಾಕ್ಲಿಕ್ಕೆ ಹೇಳು ಮಾರಾಯ. ಬೇರಿಗೆ ಕೆಳಗೆ ಯಾವುದು ಅಂತ ಗೊತ್ತಾಗ್ಬೇಕಲ್ಲ.”

“ನಮ್ಮ ಡ್ರೈವರಿಗೇ ಗೊತ್ತಿಲ್ಲ ಸಾರ್!”

ಮನೆಯ ಪೂರ್ವದ ಕಿಟಕಿಯಲ್ಲಿ ಲೋಟಗಳು ಸಾಲಾಗಿ ನಿಂತವು. ಅರ್ಧದಲ್ಲಿ ಫ್ಲೋರೈಡು, ಅರ್ಧದಲ್ಲಿ ಬರೇ ನೀರು. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಮಾವ ಮೊದಲು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದರು. ಅತ್ತೆ ಕೂಗಾಡಿದರು: “ಮನೆಯಲ್ಲಿ ಮುದುಕಿ ಉಂಟು. ಬರುವವರು ಹೋಗುವವರು ಉಂಟು. ಎಲ್ಲರಿಗೂ ಓದ್ಲಿಕ್ಕಾಗುವ ಹಾಗೆ ಬರೀರಿ.”

ಮಾವ ಪೆನ್ನು ಹಿಡಿದು ಕೂತರು. ‘ವಿಷ’ ಎಂದು ಬರೆಯಲು ಕೈ ಬರಲಿಲ್ಲ. ದೇವರ ದೀಪದ ಎದುರಿನ ಕಿಟಕಿ ಅದು. ಬಹಳ ಯೋಚಿಸಿ ನೀರಿನ ಲೋಟಗಳಿಗೆ ‘ನೀರು’ ಎಂದೂ, ಇನ್ನುಳಿದವಕ್ಕೆ ‘ಮದ್ದು’ ಎಂದೂ ಬರೆದರು. ನಮ್ಮ ಕಡೆ ಅಡಿಕೆಮರಕ್ಕೆ ಬಿಡುವುದೂ ಮದ್ದು, ತಿಗಣೆಗೆ ಹೊಡೆಯುವುದೂ ಮದ್ದು, ದೀಪಾವಳಿಗೆ ಪಟಾಕಿಯಲ್ಲಿರುವುದೂ ಮದ್ದು. ಮದ್ದು ಎಂದರೆ ಯಾರಾದರೂ ಮುಟ್ಟುತ್ತಾರೆಯೇ?

ಕೆಮ್ಮಿಗೆ ಕುಡಿಯುವುದೂ ಮದ್ದೇ ಎಂಬುದು ಆ ಗಳಿಗೆಯಲ್ಲಿ ಮಾವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹನ್ನೊಂದು ತಿಂಗಳಲ್ಲಿ ಮಾವ ಒಂದು ಅದ್ಭುತವನ್ನು ಕಂಡುಹಿಡಿದರು. ಲ್ಯಾಬಿನ ಎರಡು ದಿನಗಳಲ್ಲಿ ಉಬ್ಬಿದ ಬೇರು, ಮನೆಯ ಕಿಟಕಿಗೆ ಬಂದ ಮೇಲೆ, ಅದೇ ಮದ್ದಿನಲ್ಲಿ ನಿಂತಿದ್ದರೂ, ಗಂಟಿನಿಂದ ಕೆಳಗೆ ಮತ್ತೆ ನೇರವಾಗಿ ಬೆಳೆಯುತ್ತಿತ್ತು! ಒಂದಲ್ಲ, ಪ್ರತಿಯೊಂದು ನೀರುಳ್ಳಿಯಲ್ಲೂ. ಏನೋ ನುಂಗಿ, ಸಾವರಿಸಿಕೊಂಡು ಮುಂದೆ ನಡೆದವರ ಹಾಗೆ. ಬೇರು ಮದ್ದಿನ ನಡುವೆಯೇ ಹಗ್ಗ ಕಟ್ಟುವುದಕ್ಕೆ ಬೇರೆ ಉಪಾಯ ಕಲಿಯುತ್ತದೆ ಎಂದು ಮಾವ ನಾಲ್ಕನೆಯ ಅಧ್ಯಾಯ ಬರೆದರು. ಅದಕ್ಕೆ ‘ಬೇರಿನ ಕಲಿಕೆ’ ಎಂದು ಹೆಸರು. ನಾನು ಟೈಪು ಮಾಡುವಾಗ ಹಿಂದೆ ನಿಂತು, ತಮ್ಮದೇ ವಾಕ್ಯಗಳನ್ನು ಕೇಳಿ ತಲೆದೂಗುತ್ತಿದ್ದರು. ಅವರು ನಗುತ್ತಿದ್ದುದು ಆ ಅಧ್ಯಾಯದಲ್ಲಿ ಮಾತ್ರ.

ಗಡುವಿಗೆ ಮೂರು ವಾರ ಉಳಿದಿತ್ತು. ಅತ್ತೆ ಮೀನಿಗೆಂದು ಬಂದರಿಗೆ ಹೋಗಿದ್ದರು. ನಾನು ಒಳಗಿನಿಂದ ಬರುವಾಗ ಅಜ್ಜಿ ಕಿಟಕಿಯ ಬಳಿ ನಿಂತು ಲೋಟವನ್ನು ಬಾಯಿಂದ ಇಳಿಸುತ್ತಿದ್ದರು. ನನ್ನ ನೆನಪಿನಲ್ಲಿ ಅದು ಸ್ಟೀಲಿನ ಲೋಟ. ಬೆಳಕು ಬಿದ್ದು ಹೊಳೆಯುವುದೂ ಕಾಣುತ್ತದೆ. ಆದರೆ ಸ್ಟೀಲಿನ ಲೋಟದಲ್ಲಿ ಬೇರು ಕಾಣುವುದಿಲ್ಲವಲ್ಲ! ಗಾಜಿನದೇ ಇರಬೇಕು. ಹೀಗೆ ಕಣ್ಣಿಗೆ ಕಟ್ಟಿದಂತಿರುವುದೇ ಸುಳ್ಳಾದರೆ ಉಳಿದದ್ದರ ಗತಿಯೇನು? ಆದರೆ ಲೋಟಕ್ಕೆ ಅಂಟಿಸಿದ್ದ ಚೀಟಿ ಮಾತ್ರ ಸುಳ್ಳಲ್ಲ. ಮದ್ದು.

“ಅಜ್ಜೀ, ಎಂತ ಕುಡಿದದ್ದು?”

“ಅವ ತಂದಿಟ್ಟದ್ದು. ಮೊಣಕಾಲಿಗೆ ಮದ್ದು ತರ್ತೇನೆ ಅಂತ ಹೇಳಿ ತಿಂಗಳಾಯ್ತು. ಮರೆತ ಅಂತ ಮಾಡಿದ್ದೆ, ಪಾಪ, ತಂದಿದ್ದಾನೆ. ಮುಚ್ಚಳಕ್ಕೆ ಇನ್ನೆಂತ ಸಿಗಲಿಲ್ಲವಾ ಅವನಿಗೆ, ನೀರುಳ್ಳಿ ಇಟ್ಟಿದ್ದಾನೆ!”

ಅಜ್ಜಿ ಮೂರನೆಯ ಕ್ಲಾಸಿನವರೆಗೆ ಓದಿದವರು. ಮಗನ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಕೂಗಿಗೆ ಮಾವ ಹೇಗೆ ಬಂದರು, ರಿಕ್ಷಾ ಯಾರು ತಂದರು ಒಂದೂ ತಿಳಿಯದು. ಮಾವ ಉಳಿದರ್ಧ ಲೋಟವನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಇನ್ನೊಂದು ಕೈ ಅಜ್ಜಿಯ ಬೆನ್ನ ಮೇಲಿತ್ತು. “ಅಮ್ಮಾ, ಹೊಟ್ಟೆ ಉರೀತದಾ? ಅಮ್ಮಾ, ನಾಲಗೆ ಜೋಮು ಉಂಟಾ?” ಪಡೀಲಿನಿಂದ ಆಸ್ಪತ್ರೆಯವರೆಗೆ ಇದೇ ಪ್ರಶ್ನೆ. ಅಜ್ಜಿಗೆ ರಿಕ್ಷಾದಲ್ಲಿ ಹೋಗುವುದು ಬಹಳ ಇಷ್ಟ. ಹೊರಗೆ ನೋಡುತ್ತ, “ಎಂತ ಇಲ್ಲ, ಸುಮ್ಮನೆ ಕೂತ್ಕೊ,” ಎನ್ನುತ್ತಿದ್ದರು.

ಡಾಕ್ಟರು ಚಿಕ್ಕ ಪ್ರಾಯದವರು. ಹಾಲು ಕುಡಿಸಲು ಹೇಳಿದರು. ಹೊಟ್ಟೆ ತೊಳೆಯುವ ನಳಿಗೆ ತರಿಸಿದರು.

“ಅಜ್ಜಿ, ವಾಂತಿ ಬರ್ತದಾ?”

“ಇಲ್ಲ.”

“ಸಂಕಟ?”

“ಎಂತ ಇಲ್ಲ ಮಗಾ. ಮೊಣಕಾಲು ಸ್ವಲ್ಪ ಹಗುರ ಉಂಟು.”

ಆಗ ಮಾವ ಒಂದು ಕೆಲಸ ಮಾಡಿದರು. ಕೈಯಲ್ಲಿದ್ದ ಉಳಿದರ್ಧ ಲೋಟವನ್ನು, ಎಲ್ಲರೂ ನೋಡುತ್ತಿದ್ದಂತೆಯೇ, ಗಟಗಟ ಕುಡಿದರು!

“ಎಂತ ಮಾಡಿದ್ರಿ ನೀವು?” ಡಾಕ್ಟರು ಕಿರುಚಿದರು.

“ಅಮ್ಮ ಜನ್ಮದಲ್ಲಿ ನೋವು ಅಂತ ಹೇಳಿದವರಲ್ಲ ಡಾಕ್ಟ್ರೆ. ಅವರನ್ನು ಕೇಳಿ ನಿಮಗೆ ಎಂತ ಗೊತ್ತಾಗುವುದಿಲ್ಲ. ಅಷ್ಟೇ ನಾನೂ ಕುಡಿದಿದ್ದೇನೆ. ನನಗೆ ಆದದ್ದೆಲ್ಲ ಹೇಳ್ತೇನೆ. ಬರ್ಕೊಳ್ಳಿ.”

ಡಾಕ್ಟರಿಗೆ ಈಗ ಇಬ್ಬರು ರೋಗಿಗಳು! ಅಕ್ಕಪಕ್ಕದ ಮಂಚದಲ್ಲಿ ತಾಯಿ ಮಗ ಇಬ್ಬರೂ ಹಾಲು ಕುಡಿದರು. ಮಾವ ಗಡಿಯಾರ ನೋಡುತ್ತ ವರದಿ ಒಪ್ಪಿಸತೊಡಗಿದರು: “ಐದನೇ ನಿಮಿಷ. ನಾಲಗೆಯ ತುದಿ ಜೋಮು. ಎಂಟನೇ ನಿಮಿಷ. ಹೊಟ್ಟೆಯಲ್ಲಿ ಉರಿ, ಎಡಬದಿಗೆ. ಬೆರಳು ಸೆಳೀತದೆ.” ಹಣೆಯಲ್ಲಿ ನಿಜವಾದ ಬೆವರು. ಅವರ ಒಂದೊಂದು ಮಾತಿಗೂ ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಅಜ್ಜಿ ತಮ್ಮ ಪಾಲಿನ ಹಾಲಿನಲ್ಲಿ ಅರ್ಧವನ್ನು ಮಗನ ಲೋಟಕ್ಕೆ ಸುರಿಯುತ್ತಿದ್ದರು.

ನಳಿಗೆ ಬಂತು. ಅದರ ಹಿಂದೆಯೇ ಅತ್ತೆ. ನೆರೆಮನೆಯವರಿಂದ ಸುದ್ದಿ ತಿಳಿದು, ಮೀನಿನ ಚೀಲದ ಸಮೇತ ಓಡಿಬಂದಿದ್ದರು. ಬಂಗುಡೆ ಎಂದು ನನ್ನ ನೆನಪು. ದೋಣಿಗಳು ಕಡಲಿಗಿಳಿಯದ ಆ ಮಳೆಗಾಲದಲ್ಲಿ ಬಂಗುಡೆ ಎಲ್ಲಿತ್ತು? ಒಣಮೀನು ಇದ್ದಿರಬೇಕು. ವಾಸನೆಗೆ ನರ್ಸ್ ಮೂಗು ಮುಚ್ಚಿಕೊಂಡದ್ದಂತೂ ನಿಜ.

“ಯಾವುದು ಕುಡಿದದ್ದು?”

“ಕಿಟಕಿಯಲ್ಲಿದ್ದ ಮದ್ದು,” ಎಂದೆ. “ಇಬ್ಬರೂ.”

ಅತ್ತೆ ಮೊದಲು ನಕ್ಕರು, ಆಮೇಲೆ ಅತ್ತರು. ಅಥವಾ ಮೊದಲು ಅತ್ತರು. ಚೀಲ ನೆಲಕ್ಕಿಳಿಸಿ, ಅದರ ಪಕ್ಕದಲ್ಲೇ ಕುಸಿದು ಕೂತರು.

“ಅದು ಬಾವಿನೀರು ಮಾರಾಯ್ರೆ.”

ಮಾವ ಮಂಚದಲ್ಲಿ ಎದ್ದು ಕೂತರು. ಅತ್ತೆ ಮುಂದುವರಿಸಿದರು:

“ನೀವು ಮನೆಗೆ ತಂದಿಟ್ಟ ಮರುದಿನ ಬೆಳಿಗ್ಗೆಯೇ ನಾನು ಆ ಮದ್ದು ಚೆಲ್ತೇನೆ. ಚೆಲ್ಲಿ ಬಾವಿನೀರು ಹಾಕ್ತೇನೆ. ನೀವು ತಂದ ಮೊದಲ ಲೋಟದಿಂದಲೂ. ಮನೆಯಲ್ಲಿ ಅಂಥದ್ದು ಇಟ್ಕೊಂಡು ನನಗೆ ನಿದ್ದೆ ಬರ್ಬೇಕಲ್ಲ?”

“ಆದ್ರೆ ನಾಲಗೆ ಜೋಮು...” ಎಂದರು ಮಾವ.

ಡಾಕ್ಟರು ನಳಿಗೆಯನ್ನು ನರ್ಸಿನ ಕೈಗೆ ಕೊಟ್ಟರು. “ಬಾವಿನೀರಿಗೆ ಜೋಮು ಬರುವುದಿಲ್ಲ ಸಾರ್. ಉರಿಯೂ ಬರುವುದಿಲ್ಲ.”

ಮಾವ ತಾಯಿಯ ಮುಖ ನೋಡಿದರು. ನೋಡುತ್ತಲೇ ಅವರ ಹೆಗಲು ಇಳಿಯಿತು. ಇನ್ನೇನು ನಗಬೇಕು, ಅಷ್ಟರಲ್ಲಿ ಆ ಮುಖದಲ್ಲಿ ಇನ್ನೊಂದು ಸಂಗತಿ ಹೊಳೆದು ಹೋದದ್ದನ್ನು ಕಂಡೆ. ನಾನೂ ಅದೇ ಯೋಚಿಸುತ್ತಿದ್ದೆ. ನಾಲ್ಕನೆಯ ಅಧ್ಯಾಯ.

“ಹೇಳ್ಬಹುದಿತ್ತಲ್ಲ ನೀನು,” ಎಂದರು.

“ಹೇಳಿದ್ರೆ ನೀವು ಮತ್ತೆ ಹಾಕ್ತಿದ್ರಿ.”

ಬೇರು ಏನನ್ನೂ ಕಲಿತಿರಲಿಲ್ಲ! ಹನ್ನೊಂದು ತಿಂಗಳು ನಮ್ಮ ಕಿಟಕಿಯಲ್ಲಿ ಅದು ನಿಂತಿದ್ದುದೇ ಬರೇ ನೀರಿನಲ್ಲಿ. ಮಾವ ಅತ್ತೆಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಮಗೆ ಹಗುರಾಗುತ್ತಿತ್ತು. ಕಾಲೇಜಿಗೆ ರಜೆ ಹಾಕಿ, ಟೈಪು ಮಾಡಿದ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಒಂದು ದಿನ, ಎರಡು ದಿನ. ಅತ್ತೆ ನೀರುಳ್ಳಿ ಹಾಕದೆ ಸಾರು ಮಾಡಿದರು. ಅಜ್ಜಿ ಮಾತ್ರ, “ಆ ಮದ್ದು ಇನ್ನೊಂದು ಲೋಟ ಕೊಡು, ಒಳ್ಳೆದುಂಟು,” ಎಂದು ಮಗನ ಬೆನ್ನು ಹತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಮಾವ ಬೇಗ ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಕಾಲೇಜಿನಿಂದ ತಂದ ಕೊನೆಯ ಬುಟ್ಟಿಯ ನೀರುಳ್ಳಿಗಳು ಕಿಟಕಿಯಲ್ಲಿ ಹಾಗೇ ಇದ್ದವು. ಅತ್ತೆಗೆ ಅಭ್ಯಾಸ, ಒಂದೊಂದಾಗಿ ಲೋಟ ತೊಳೆಯುತ್ತಿದ್ದರು.

“ಮೂರು ಸಲ ತೊಳೀತೀಯಾ?” ಎಂದು ಕೇಳಿದರು ಮಾವ.

“ಮತ್ತೆ? ಮದ್ದಲ್ಲವಾ? ಬೇರಿಗೂ ಮೂರು ಸಲ ನೀರು ಹಾಕ್ತೇನೆ.”

“ದಿನಾ ಇದೇ ಹೊತ್ತಿಗಾ?”

“ಹಂಚಿನ ಕಾರ್ಖಾನೆಯ ಮೊದಲ ಸೈರನ್ನಿಗೆ.”

“ಒಂದು ದಿನವೂ ತಪ್ಪಲಿಲ್ವಾ? ತವರಿಗೆ ಹೋದಾಗ?”

“ತವರಿಗೆ ಯಾವಾಗ ಹೋದೆ ನಾನು?” ಅತ್ತೆ ಲೋಟವನ್ನು ಕವುಚಿ ಇಟ್ಟರು. “ತಂಗಿಯ ಮದುವೆಗೂ ಬೆಳಿಗ್ಗೆ ನೀರು ಹಾಕಿ ಹೋಗಿ ಸಂಜೆ ಬಂದದ್ದಲ್ಲವಾ? ನಿಮಗೆ ಎಲ್ಲಿ ಗೊತ್ತಾಗ್ತದೆ?”

ಮಾವನಿಗೆ ಗೊತ್ತೇ ಆಗಿರಲಿಲ್ಲ. ನನಗೂ ಆಗಿರಲಿಲ್ಲ, ಇದೇ ಮನೆಯಲ್ಲಿ ನಾನೂ ಉಣ್ಣುತ್ತಿದ್ದೆ.

ಮಾವ ಕವುಚಿಟ್ಟ ಲೋಟವೊಂದನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಎಬ್ಬಿಸಲು ಬಂದವರಂತೆ ಕೂಗಿದರು. ನಾನು ಎದ್ದೇ ಇದ್ದೆ. “ಟೈಪ್‌ರೈಟರ್ ತೆಗಿ! ಕಲಿಕೆ ಅಲ್ಲ, ಚೇತರಿಕೆ! ಎರಡು ದಿನ ಮದ್ದು, ಆಮೇಲೆ ಮೂರು ಸಲ ತೊಳೆದು ಶುದ್ಧ ನೀರು. ಮದ್ದು ಹೋದ ಕೂಡಲೇ ಕೀಳುವವನ ಕೈಯ ಕಟ್ಟು ಬಿಚ್ಚಿತು. ಫಾಸ್ಫೇಟು ಹೋಯಿತು, ಹಗ್ಗ ಬಿಗಿಯಿತು, ಬೇರು ನೇರ ಆಯಿತು. ಇಷ್ಟು ಕ್ರಮದಲ್ಲಿ ಈ ಪ್ರಯೋಗ ನನ್ನಿಂದ ಆಗ್ತಿರಲಿಲ್ಲ ಮಾರಾಯ್ತಿ!”

ಹದಿನೆಂಟು ದಿನ ಉಳಿದಿತ್ತು. ನಾಲ್ಕನೆಯ ಅಧ್ಯಾಯವನ್ನು ಮೊದಲಿನಿಂದ ಬರೆದರು, ನಾನು ಮೊದಲಿನಿಂದ ಟೈಪು ಮಾಡಿದೆ. ಥೀಸಿಸ್ಸಿನ ಇಂಗ್ಲಿಷಿನಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಗಮನಿಸಿದ್ದೀರಾ? ನೀರುಳ್ಳಿ ತರಲ್ಪಡುತ್ತದೆ, ಬೇರು ಅಳೆಯಲ್ಪಡುತ್ತದೆ. ಮಾವನ ಇನ್ನೂರು ಪುಟಗಳಲ್ಲಿ ಮನುಷ್ಯರೇ ಇರಲಿಲ್ಲ. ಒಂದು ವಾಕ್ಯಕ್ಕೆ ಬಂದಾಗ ಮಾತ್ರ ಅವರು ನನ್ನ ಕೈ ತಡೆದರು. “‘ಬದಲಿಸಲಾಯಿತು’ ಬೇಡ. ಯಾರು ಬದಲಿಸಿದ್ದು ಅಂತ ಹಾಕು.”

ಗಡುವಿನ ದಿನ ಥೀಸಿಸ್ ಹೋಯಿತು. ಡಾಕ್ಟರೇಟೂ ಬಂತು. ‘ಡಾಕ್ಟರ್’ ಎಂಬ ಹೊಸ ಬೋರ್ಡು ನೋಡಿ ಬೀದಿಯವರು ಮೊಣಕಾಲಿಗೆ ಮದ್ದು ಕೇಳಲು ಬಂದರು. ಅಜ್ಜಿ ಅವರಿಗೆಲ್ಲ ತಮ್ಮ ಅನುಭವ ಹೇಳುತ್ತಿದ್ದರು.

ಆ ವಾಕ್ಯ ಕೊನೆಗೆ ಉಳಿಯಿತೋ ಇಲ್ಲವೋ ನನಗೆ ತಿಳಿಯದು. ಮಾವ ಹಟ ಹಿಡಿದು ಉಳಿಸಿಕೊಂಡರು ಎಂದು ನೆನಪು ಹೇಳುತ್ತದೆ. ನನ್ನ ನೆನಪಿನ ಯೋಗ್ಯತೆಯನ್ನು ನೀವು ನೋಡಿದ್ದೀರಿ. ಬೈಂಡು ಮಾಡಿದ ಪ್ರತಿಯನ್ನು ತೆರೆದು ನೋಡಲು ನಾನು ಹೋಗಿಲ್ಲ, ಹೋಗುವುದೂ ಇಲ್ಲ. ನನ್ನ ಬಳಿ ಇರುವುದು ಮಾವನ ಗೈಡಿಗೆ ಓದಲು ಕಳಿಸಿದ್ದ ಕಾರ್ಬನ್ ಪ್ರತಿಯ ಒಂದು ಹಾಳೆ. ನೀಲಿ ಅಕ್ಷರಗಳು ಮಾಸಿವೆ. ‘ಪ್ರತಿದಿನ ಬೆಳಿಗ್ಗೆ ನನ್ನ ಹೆಂಡತಿ ನೀರು ಬದಲಿಸಿದಳು’ ಎಂಬಲ್ಲಿ, ‘ನನ್ನ ಹೆಂಡತಿ’ಯ ಮೇಲೆ, ತೆಗೆಯಬೇಕೆಂದು ಗೈಡು ಎಳೆದ ಕೆಂಪು ಗೆರೆ. ಬದಿಗೆ ಮಾವನ ಅಕ್ಷರ, ಲೋಟಗಳ ಮೇಲೆ ಮದ್ದು ಎಂದು ಬರೆದ ಅದೇ ಉರುಟು ಅಕ್ಷರ:

ಇರಲಿ.